ದಾರ ಕಟ್ಟಿದ ಬದನೆಕಾಯಿ

ಗೋವಾದ ಮಡ್ಕಯಿಯ ಕಾರ್ಖಾನೆಯಲ್ಲಿ ದುಡಿಯುವ ಕಂಠೆಪ್ಪನ ಬಾಡಿಗೆ ಖೋಲಿಯ ಹಿಂದೆ ನಾಲ್ಕು ಸಾಲು ಬದನೆ ಗಿಡ ಇದ್ದವು. ಎಲೆ ಬೇಕಾದಷ್ಟು. ಹೂವೆಲ್ಲ ಉದುರುತ್ತಿತ್ತು, ಕಾಯಿ ಒಂದೂ ಇಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. ಮಗಳನ್ನು ಕೊಟ್ಟ ಮನೆಯ ಬೀಗರು ಗುರುಲಿಂಗಪ್ಪ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬಕ್ಕೆ, ಬರುತ್ತೇವೆ ಎಂದಾಗ, "ನಮ್ಮ ಹಿತ್ತಲದ ಬದನಿಕಾಯಿನ ಉಣಸ್ತೇನ್ರಿ" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದ.

ಬೀಗರ ಮುಂದೆ ಮಾತು ತಪ್ಪಿದರೆ ಮುಖ ಎತ್ತಿ ತಿರುಗುವುದು ಹೇಗೆ? ಅವನಿಗೆ ಗೊತ್ತಿದ್ದ ಮದ್ದು ಒಂದೇ, ಯೂರಿಯಾ. ವಾರಕ್ಕೊಂದು ಬೊಗಸೆ ಎರಚಿದ.

ಪಕ್ಕದ ಖೋಲಿಯ ಸುರೇಖಾ ಸ್ವಸಹಾಯ ಸಂಘದಿಂದ ಮಣ್ಣಿನ ತರಬೇತಿಗೆ ಹೋಗಿಬಂದವಳು. "ಅಣ್ಣಾ, ಮೊದಲ ಮಣ್ಣು ಪರೀಕ್ಷಾ ಮಾಡಸ್ರಿ" ಎಂದಳು.

"ಮಣ್ಣಿಗೇನ್ ಜ್ವರಾ ಬಂದೈತೇನವಾ? ನಮ್ಮ ಮುತ್ಯಾ ಯಾವ ಪರೀಕ್ಷಾ ಮಾಡಿಸಿದ್ದ?"

"ಮುತ್ಯಾ ಬೆಳದಿದ್ದು ಎರಿ ಹೊಲದಾಗ, ಕರಿ ಮಣ್ಣಾಗ. ಇದು ಗೋವಾದ ಕೆಂಪು ಮಣ್ಣು."

ಕಂಠೆಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಳ್ಳಮಾಸಿ ದಿನ ಬೀಗರು ಬಂದರು. ಭೂಮಿತಾಯಿಗೆ ಉಣಿಸುವ ಚರಗ ಚೆಲ್ಲಲು ಕಂಠೆಪ್ಪನ ಹೆಂಡತಿ ಹನುಮವ್ವ ಕಡುಬಿನ ಬುಟ್ಟಿ ಹೊತ್ತು ಹಿತ್ತಲಿಗೆ ಹೋದರೆ, ಗಿಡದ ತುಂಬ ಬದನೆಕಾಯಿ. "ನಿನ್ನಿ ಇರಲಿಲ್ಲಲ್ಲ" ಎಂದು ಆಕೆ ಬಾಯಿ ತೆಗೆಯುವಷ್ಟರಲ್ಲಿ ಗುರುಲಿಂಗಪ್ಪ ಒಂದು ಕಾಯಿ ಹಿಡಿದೆಳೆದರು. ಕಾಯಿಯ ಜೊತೆ ಗೇಣುದ್ದ ಬಿಳಿ ದಾರವೂ ಬಂತು. ಕಂಠೆಪ್ಪ ನಸುಕಿನಲ್ಲೇ ಫೋಂಡಾ ಪೇಟೆಯಿಂದ ಕಾಯಿ ತಂದು ಕಟ್ಟಿದ್ದ.

"ಬೀಗರ, ನಿಮ್ಮ ಗಿಡಾ ದಾರಾನೂ ಬಿಡತಾವೇನ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಂಠೆಪ್ಪನ ಕಣ್ಣು ಮಾತ್ರ ತುಂಬಿತು. "ಏನ್ ತಪ್ಪು ಮಾಡೇನಿ ಹೇಳವಾ" ಎಂದು ಸುರೇಖಾಳ ಮುಂದೆ ಕುಳಿತ.

"ಇಲ್ಲಿ ಮಳಿ ಭಾಳ ಅಣ್ಣಾ. ಸುಣ್ಣದಂಶ ತೊಳದು ಹೋಗಿ ಮಣ್ಣು ಹುಳಿ ಆಗತೈತಿ. ಯೂರಿಯಾ ಸುರಿದಷ್ಟೂ ಇನ್ನೂ ಹುಳಿ. ಅಂಥಾ ಮಣ್ಣಾಗ ಹೂವು ಕಾಯಿಗೆ ಬೇಕಾದ ರಂಜಕ ಇದ್ರೂ ಬೇರಿಗೆ ಸಿಗೂದಿಲ್ಲ. ಎಲಿ ಬೆಳಸೂ ಯೂರಿಯಾ ಒಂದ ಹೆಚ್ಚು, ಉಳದದ್ದು ಕಡಿಮಿ. ಅದಕ್ಕ ಬರೇ ಎಲಿ. ಪರೀಕ್ಷಾ ಮಾಡಿಸಿ ಸುಣ್ಣ ಹಾಕಬೇಕು."

"ಸುಣ್ಣಾ? ಬೇರು ಸುಡೂದಿಲ್ಲೇನು?"

ಹನುಮವ್ವ ನಡುವೆ ಬಾಯಿ ಹಾಕಿದಳು. "ಎಲಿಅಡಿಕಿಗೆ ಬೆರಳ ತುದಿಯಷ್ಟು ಹಚ್ಚಕೋತೀರಿ, ಇಡೀ ಡಬ್ಬಿ ಬಾಯಾಗ ಸುರಕೋತೀರೇನು? ಇದೂ ಹಂಗ, ಅಳತಿಮ್ಯಾಗ."

ಆ ಮಾತು ನಾಟಿತು. ಐದು ಕಡೆ ಗೇಣಾಳ ಅಗೆದು ಮಣ್ಣು ತೆಗೆದ, ನೆರಳಿನಲ್ಲಿ ಒಣಗಿಸಿ ಕೃಷಿ ಕಚೇರಿಯಲ್ಲಿ ಪರೀಕ್ಷೆಗೆ ಕೊಟ್ಟ. ಚೀಟಿ ಬಂತು: ಮಣ್ಣು ಹುಳಿ. ಮುಂದಿನ ಸಸಿ ನೆಡುವ ಮೂರು ವಾರ ಮೊದಲು ಚೀಟಿಯಲ್ಲಿ ಬರೆದಷ್ಟೇ ಸುಣ್ಣ ಬೆರೆಸಿದ. ಆಮೇಲೆ ತಿಪ್ಪೆಗೊಬ್ಬರ ಹಾಕಿದ. ಯೂರಿಯಾ ಸ್ವಲ್ಪವೇ, ಅದೂ ಸುಣ್ಣದ ಜೊತೆಗಲ್ಲ.

ಮತ್ತೆ ಎಳ್ಳಮಾಸಿ, ಮತ್ತೆ ಅದೇ ಬೀಗರು. ಗುರುಲಿಂಗಪ್ಪ ಮೂಗಿಗೆ ಚಾಳೀಸು ಏರಿಸಿ ಗಿಡದಲ್ಲಿದ್ದ ಬದನೆಕಾಯಿಯ ತೊಟ್ಟನ್ನು ತಿರುಗಿಸಿ ನೋಡಿದರು. ದಾರ ಇಲ್ಲ. ಎಳೆದರು, ಬರಲಿಲ್ಲ. ಎರಡೂ ಕೈ ಹಾಕಿದರು.

"ಈ ಸಲ ಭಾಳ ಗಟ್ಟಿ ಕಟ್ಟೀರಲ್ರಿ ಬೀಗರ."

"ನಾ ಕಟ್ಟಿಲ್ರಿ" ಎಂದ ಕಂಠೆಪ್ಪ ಬಗ್ಗಿ ನೆಲ ಮುಟ್ಟಿದ. "ಈಕಿ ಕಟ್ಯಾಳ."

ಅಕ್ಕ, ಅಣ್ಣ, ನಿಮ್ಮ ಗಿಡವೂ ಬರೀ ಎಲೆ ತೋರಿಸುತ್ತಿದೆಯೇ? ಗೊಬ್ಬರದ ಚೀಲ ಬಿಚ್ಚುವ ಮೊದಲು ಅರ್ಧ ಕಿಲೋ ಮಣ್ಣು ಹಿಡಿದು ಹತ್ತಿರದ ಕೃಷಿ ಕಚೇರಿಗೆ ಹೋಗಿ ಬನ್ನಿ. ಭೂಮಿತಾಯಿಗೆ ಚರಗ ಚೆಲ್ಲುವ ನಾವು, ಆಕೆಗೆ ಏನು ಬೇಕೆಂದು ಒಮ್ಮೆ ಕೇಳೋಣ.