ಸೂರ್ಯ ಟೀಚರಿಗೆ ತವರಿನ ಕೋಡಿ

ಜಯಪ್ರಿಯಾ ಸತ್ತ ತಾಯಿಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದಳು. ಗಂಟು ಎರಡು ಸಲ ಜಾರಿತು. ಅಮ್ಮಾಪೇಟೆಯ ನೇಕಾರರ ಬೀದಿಯ ಹೆಂಗಸರು ಅಳುವುದನ್ನು ನಿಲ್ಲಿಸಿ ಅದನ್ನೇ ನೋಡಿದರು.

“ಸೈನ್ಸ್ ಟೀಚರ್ ಮಗ್ಳು. ಒಂದು ಗಂಟು ಆಕಕ್ಕೆ ಬರಲ್ಲ,” ಎಂದಳು ಎದುರುಮನೆಯ ಮುದುಕಿ, ಪಕ್ಕದವಳ ಕಿವಿಗೆಂದು, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ.

ತಾಯಿ ಪಳನಿಯಮ್ಮ ಬದುಕಿದ್ದರೆ ತಿರುಗಿ ಒಂದು ಮಾತು ಎಸೆಯುತ್ತಿದ್ದಳು. ಆಯುಸ್ಸೆಲ್ಲ ಶಾಲೆಯಲ್ಲಿ ವಿಜ್ಞಾನ ಕಲಿಸಿ, ಬೀದಿಯವರನ್ನೂ ದಡ್ಡ ಮಕ್ಕಳಂತೆಯೇ ಕಂಡವಳು. ಬೀದಿ ಅವಳನ್ನು ‘ಸೂರ್ಯ ಟೀಚರ್’ ಎಂದು ಕರೆದು ಸೇಡು ತೀರಿಸಿಕೊಂಡಿತ್ತು.

ಹೊತ್ತು ಮುಳುಗುವ ಮೊದಲು ಹೆಣ ಎತ್ತಬೇಕು. ಆದರೆ ಈ ಬೀದಿಯಲ್ಲಿ ಹೆಣ್ಣಿನ ಹೆಣ ಎತ್ತಬೇಕಾದರೆ ಅವಳ ಒಡಹುಟ್ಟಿದವನ ಮಗ್ಗದಲ್ಲಿ ನೆಯ್ದ ಹೊಸ ಬಟ್ಟೆ, ಅಂದರೆ ತವರಿನ ಕೋಡಿ, ಮೈಮೇಲೆ ಬೀಳಬೇಕು. ಪಳನಿಯಮ್ಮನ ತಮ್ಮ ಗಣೇಶನ್ ವರ್ಷಗಳಿಂದ ಈ ಹೊಸ್ತಿಲು ತುಳಿದಿರಲಿಲ್ಲ.

“ಟೀಚರ್‌ಗೆ ಕೋಡಿ ಯಾಕಮ್ಮಾ? ಅವ್ಳು ಯಾವ್ದ ನಂಬಿದ್ಲು? ಸುಮ್ನೆ ಎತ್ರಿ,” ಎಂದ ಶಂಖ ಊದಲು ಬಂದಿದ್ದ ಮಾದೇಶ್.

“ಅಮ್ಮ ಕೇಳವ್ಳೆ,” ಎಂದಳು ಜಯಪ್ರಿಯಾ. ಆಸ್ಪತ್ರೆಯಲ್ಲಿ, ನಾಲಿಗೆ ತೊದಲುವಾಗ ಕೇಳಿದ್ದು. ಬೇರೆ ಯಾವ ಶಾಸ್ತ್ರವನ್ನೂ ಅವಳು ಬಯಸಿರಲಿಲ್ಲ.

*

ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಸೂರ್ಯಗ್ರಹಣದ ಬೆಳಿಗ್ಗೆ, ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಾವು ಸೂರ್ಯನನ್ನು ನುಂಗುವಾಗ ಬಸುರಿ ಹೊರಗೆ ಬಂದರೆ ಮಗುವನ್ನೂ ನುಂಗುತ್ತದೆ ಎಂಬ ಕತೆ ಕೇಳಿ ಬೆಳೆದ ಬೀದಿ ಅದು. ಗಣೇಶನ್‌ನ ಹೆಂಡತಿ ಶರಣ್ಯ ತುಂಬು ಬಸುರಿ. ಪಳನಿಯಮ್ಮ ಅವಳ ಕೈಹಿಡಿದು ಬೇವಿನ ಮರದಡಿಗೆ ಕರೆತಂದಳು. ಎಲೆಗಳ ಸಂದಿಯಿಂದ ಇಳಿದ ಬೆಳಕು ನೆಲದ ಮೇಲೆ, ಶರಣ್ಯಳ ಸೀರೆಯ ಮೇಲೆ, ಅರೆಮುಚ್ಚಿದ ಸೂರ್ಯನ ನೂರಾರು ಪುಟ್ಟ ಕುಡುಗೋಲು ಬಿಂಬಗಳಾಗಿ ನಡುಗುತ್ತಿತ್ತು. ಅವಳು ನಗುತ್ತಾ ಹೊಟ್ಟೆಯ ಮೇಲಿನ ಸೂರ್ಯರನ್ನು ಮುಟ್ಟಿ ನೋಡಿದಳು.

“ಅಕ್ಕಾ, ಒಳಗೆ ಕಳ್ಸು ಅವಳ್ನ,” ಗಣೇಶನ್ ಕಿಟಕಿಯಿಂದಲೇ ಕೂಗಿದ. “ಆವು ಇಡಿದೈತೆ.”

“ಆವೂ ಇಲ್ಲ, ನೀ ಅನ್ಕಂಡಂಗೆ ಸೂರ್ಯನಾಗೆ ಬೆಂಕೀನೂ ಇಲ್ಲ. ಉರಿಯಕ್ಕೆ ಅಲ್ಲಿ ಸೌದೆ ಐತೇನ್ಲಾ, ಪೆದ್ದ? ಸೂರ್ಯನ ನಟ್ಟನಡುವೆ ಹೈಡ್ರೋಜನ್ ಐತೆ. ಅದರ ಕಾಳುಗಳು ನಮ್ ಬೀದಿಯವರಂಗೆ, ಒಂದನ್ನ ಕಂಡ್ರೆ ಒಂದಕ್ಕಾಗಲ್ಲ, ದೂರ ತಳ್ತವೆ. ಮೇಲಿನ ಭಾರ, ಒಂದೂವರೆ ಕೋಟಿ ಡಿಗ್ರಿ ಬಿಸಿ, ಎರಡೂ ಸೇರಿ ಅಮುಕ್ದಾಗ ಬೇರೆ ದಾರಿ ಇಲ್ದೆ ಅಂಟ್ಕಂತವೆ. ಹೀಲಿಯಂ ಆಗ್ತವೆ. ಅಂಟ್ಕಂಡಾಗ ತೂಕ ಒಂಚೂರು ಕಮ್ಮಿ ಆಗ್ತದೆ. ಆ ಚೂರೇ ನಿನ್ ನೂಲು ಒಣಗ್ಸೋ ಬಿಸ್ಲು. ರಾತ್ರಿ ಕಾಣೋ ಒಂದೊಂದು ನಕ್ಷತ್ರದಾಗೂ ಇದೇ ನಡೀತದೆ. ಅದನ್ನ ಆವು ನುಂಗ್ತದಂತೆ.”

ವಾರದೊಳಗೆ ಮಗು ಹೊಟ್ಟೆಯಲ್ಲೇ ಸತ್ತಿತು. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರ್ ಹೇಳಿದರು. ಗಣೇಶನ್ ಅಕ್ಕನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ:

“ಒಂಚೂರು ಕಮ್ಮಿ ಆಗ್ತದೆ ಅಂದ್ಯಲ್ಲ. ಆ ಚೂರು ನಮ್ಮನೇದೇ ಆಗ್ಬೇಕಿತ್ತಾ?”

ಪಳನಿಯಮ್ಮ ಬಾಗಿಲು ಮುಚ್ಚಿಕೊಂಡಳು.

*

ಗಣೇಶನ್ ಬಂದಾಗ ಬಿಸಿಲು ಗೋಡೆ ಏರಿತ್ತು. ಕೋಡಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದ, ಹಿಂದೆ ಶರಣ್ಯ. ಬೀದಿ ಸಂತೋಷದಿಂದ ಹತ್ತಿರ ಸರಿಯಿತು. ಇಂಥ ಆಟ ದಿನಾ ನೋಡಲು ಸಿಗುವುದಿಲ್ಲ.

“ನಿಮ್ಮಮ್ಮ ಮಾಡಿದ್ದು ತಪ್ಪು ಅಂತ ಇವರೆಲ್ಲರ ಮುಂದೆ ಏಳು,” ಎಂದ ಜಯಪ್ರಿಯಾಳಿಗೆ. “ಆವು ನುಂಗಿದ್ದು ನಿಜ ಅನ್ನು. ಆಮೇಲೆ ಕೋಡಿ ಆಕ್ತೀನಿ.”

“ಮಾಮ, ಒತ್ತು ಇಳೀತೈತೆ.”

“ಇಳೀಲಿ. ಸೂರ್ಯ ನಿಮ್ಮಮ್ಮನ ದೋಸ್ತು ತಾನೆ, ಕಾಯ್ತಾನೆ.”

ಯಾರೋ ಕಿಸಕ್ಕೆಂದರು. ಜಯಪ್ರಿಯಾ ತಾಯಿಯ ಮುಖ ನೋಡಿದಳು. ಹೇಳಿದರೆ ಅಮ್ಮನ ಬಾಯಿಗೆ ಸುಳ್ಳು ತುರುಕಿದಂತೆ. ಹೇಳದಿದ್ದರೆ ಅಮ್ಮ ಕೇಳಿದ ಒಂದೇ ಒಂದು ವಸ್ತುವಿಲ್ಲದೆ ಹೋಗುತ್ತಾಳೆ. ಅವಳು ಬಾಯಿ ತೆರೆದಳು.

“ನಮ್ಮಮ್ಮ ಮಾಡಿದ್ದು...”

“ಏಳ್ಬ್ಯಾಡ,” ಎಂದಳು ಶರಣ್ಯ. ಗಂಡನ ತೋಳಿನಿಂದ ಬಟ್ಟೆಯನ್ನು ಎಳೆದುಕೊಂಡಳು. “ಬಸ್ರು ಒತ್ತಿದ್ದು ನಾನು. ಕಳ್ಕಂಡಿದ್ದು ನಾನು. ಅತ್ತಿಗೆ ಮ್ಯಾಲೆ ನಂಗೇ ಕೋಪ ಇಲ್ಲ. ನೀವು ಯಾರ್ ಕೋಪಾನ ಒತ್ಕಂಡು ತಿರುಗ್ತಿದೀರಿ?”

ಗಣೇಶನ್ ಬೀದಿಯತ್ತ ನೋಡಿದ. ಬೀದಿ ಬೇರೆಲ್ಲೋ ನೋಡಿತು.

ಶರಣ್ಯ ಕೋಡಿ ಬಿಡಿಸಿದಳು. ಮಗ್ಗದಿಂದ ಆಗಷ್ಟೇ ಇಳಿದದ್ದು; ಅಂಚಿನಲ್ಲಿ ಒಂದು ನೂಲು ನೇತಾಡುತ್ತಿತ್ತು. ಅವಳು ಬಗ್ಗಿ ಅದನ್ನು ಹಲ್ಲಿನಿಂದ ಕಡಿದು ಉಗಿದಳು, ಬಟ್ಟೆಯನ್ನು ಪಾದದಿಂದ ಎದೆಯವರೆಗೆ ಎಳೆದು ಹೊದಿಸಿದಳು. ಮಾದೇಶ್ ಶಂಖ ಊದಿದ. ನಾಲ್ವರು ಚಟ್ಟ ಎತ್ತಿದರು.

ಗಣೇಶನ್ ಹೊಸ್ತಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನ ತೋಳು, ಬಟ್ಟೆ ಇನ್ನೂ ಅಲ್ಲೇ ಇದೆಯೆಂಬಂತೆ, ಮಡಚಿಯೇ ಇತ್ತು.