ಮಾವ ಸಡಿಲಿಸಿದ ಬೆಲ್ಟು, ಅಳಿಯ ಬಿಗಿದ ಬೆಲ್ಟು

ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಇಡ್ಲಿಹಿಟ್ಟಿನ ಕಾರ್ಖಾನೆ. ಅಲ್ಲಿನ ರುಬ್ಬುವ ಯಂತ್ರ ಆ ವಾರ ಕಿರುಚಿದ ಕಿರುಚಾಟಕ್ಕೆ ಕಳವಾ ಕಾರ್‌ಶೆಡ್ಡಿನಲ್ಲಿ ಮಲಗಿದ್ದ ಲೋಕಲ್ ರೈಲುಗಳೆಲ್ಲ ಬೆಚ್ಚಿ ಎದ್ದು ಕುಳಿತವು. ನಂಬದವರು ಹೋಗಿ ಹಳಿಗಳನ್ನೇ ಕೇಳಿ.

ಬೆಳಗಿನ ಪಾಳಿಯ ಫಿಟ್ಟರ್ ಭುಜಂಗಣ್ಣನಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಠಾಣೆ ಜಿಲ್ಲೆಯಲ್ಲಿ ತನಗೆ ಬಗ್ಗದ ನಟ್ಟೇ ಇಲ್ಲವೆಂಬ ಜಂಬ ಬೇರೆ. ದಿನಾ ಬಂದು ನೋಡಿದರೆ ಯಂತ್ರದ ಬೇರಿಂಗ್ ಮೇಲೆ ದೋಸೆ ಹುಯ್ಯಬಹುದು, ಅಷ್ಟು ಬಿಸಿ! ಬೆಲ್ಟು ಅತಿ ಬಿಗಿ. ಸಡಿಲಿಸುತ್ತಿದ್ದರು. ಪಾಳಿ ಮುಗಿದದ್ದೇ ಚೀಲ ಹೆಗಲಿಗೆ, ಓಟ ಸ್ಟೇಷನ್ನಿಗೆ.

ಸಂಜೆಯ ಪಾಳಿಗೆ ಬರುವವನು ಅವರದೇ ಅಕ್ಕನ ಮಗ ಸೂರಜ್. ಅವನ ಕೈಗೆ ಬರುವಾಗ ಬೆಲ್ಟು ಜಾರುತ್ತಿತ್ತು. ಬಿಗಿಯುತ್ತಿದ್ದ. ದಿನಾ ಯಾರು ಬಿಚ್ಚುವುದೆಂದು ಬೆಲ್ಟಿನ ಜಾಲರಿ ಮುಚ್ಚಳವನ್ನು ಗೋಡೆಗೆ ಒರಗಿಸಿಬಿಟ್ಟಿದ್ದ.

ಒಂದು ದಿನ ಓಡುವ ಆತುರದಲ್ಲೂ ಭುಜಂಗಣ್ಣನ ಕಣ್ಣಿಗೆ ಅಳಿಯನ ಅಂಗಿ ಬಿತ್ತು. ತೋಳು ಭುಜದವರೆಗೂ ಹರಿದಿತ್ತು.

"ಎಂತ ಮಾರಾಯ ಇದು?"

"ಕುಛ್ ನಹೀಂ ಮಾಮಾ. ನಿನ್ನೆ ಬೆಲ್ಟಿಗೆ ಸಿಕ್ಕಿತು. ಕೈ ಬಚ್ ಗಯಾ, ಉಳಿಯಿತು."

ಭುಜಂಗಣ್ಣ ಹರಿದ ತೋಳನ್ನು ಎತ್ತಿ ನೋಡಿದರು. ಆದರೂ ಜಂಬ ಬಿಡಬೇಕಲ್ಲ! "ನಿನಗೆ ಬೆಲ್ಟು ಬಿಗಿಯಲಿಕ್ಕೆ ಯಾರು ಹೇಳಿದ್ದು?"

"ಜಾರುತ್ತದಲ್ಲ! ದಿನಾ ಸಡಿಲ ಮಾಡುವವರು ಯಾರು?"

"ನಾನೇ!"

ನೆಲ ಒರೆಸುತ್ತಿದ್ದ ಜಲಜಾಕ್ಷಿ ಸೊಂಟಕ್ಕೆ ಕೈಯಿಟ್ಟಳು. "ಮಾವ ಅಳಿಯ ಹಗ್ಗ ಜಗ್ಗಿದ್ದು ಸಾಕು. ಯಂತ್ರದಡಿಯಲ್ಲಿ ನಾನು ದಿನಾ ಒರೆಸುವ ಎಣ್ಣೆ ಎಲ್ಲಿಯದ್ದು?"

"ಎಣ್ಣೆಯಾ? ಹೇಳಬಾರದಿತ್ತಾ?"

"ಯಾರಿಗೆ, ಭುಜಂಗಣ್ಣ? ಓಡುವ ನಿಮ್ಮ ಬೆನ್ನಿಗಾ?"

ಭುಜಂಗಣ್ಣ ಗಡಿಯಾರ ನೋಡಿದರು. ಅಳಿಯನ ತೋಳು ನೋಡಿದರು. ಚೀಲ ಕೆಳಗಿಟ್ಟರು.

ಮೊದಲು ಯಂತ್ರದ ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿದರು. ಎಣ್ಣೆ ಬೀಳುವ ಜಾಗ ಜಲಜಾಕ್ಷಿ ತೋರಿಸಿದಳು. ಸೂರಜ್ ಟಾರ್ಚ್ ಹಿಡಿದ. ಭುಜಂಗಣ್ಣ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಎಣ್ಣೆ ತಡೆಯುವ ಸೀಲು ಸವೆದಿದೆ! ಎಣ್ಣೆ ಬೆಲ್ಟಿಗೆ ಬಿದ್ದು ಬೆಲ್ಟು ಜಾರುವುದು. ಬಿಗಿದರೆ ಬೇರಿಂಗ್ ಕಾಯುವುದು. ರೋಗ ಒಂದೇ. ಮೂವರೂ ಅದರ ಒಂದೊಂದು ತುಂಡನ್ನು ಹೊಟ್ಟೆಯೊಳಗಿಟ್ಟುಕೊಂಡು ತಿರುಗುತ್ತಿದ್ದರು.

ಸೀಲು ಬದಲಾಯಿತು, ಹೊಸ ಬೆಲ್ಟು ಬಂತು, ಜಾಲರಿ ಮುಚ್ಚಳ ಬೆಲ್ಟಿನ ಮೇಲೇರಿತು. ಯಂತ್ರ ಎಷ್ಟು ಮೆತ್ತಗೆ ತಿರುಗಿತೆಂದರೆ ಒಳಗಿನ ಅಕ್ಕಿಗೆ ತೂಕಡಿಕೆ ಬಂತು.

ಮರುದಿನ ಪಾಳಿ ಮುಗಿದರೂ ಭುಜಂಗಣ್ಣ ಯಂತ್ರದ ಬಳಿಯೇ ಶತಪಥ ಹಾಕುತ್ತಿದ್ದರು.

"ಮಾಮಾ, ಟ್ರೇನ್?"

"ಹೋಗಲಿ ಮಾರಾಯ. ಇವತ್ತು ಬೇರಿಂಗ್ ತಣ್ಣಗುಂಟು, ಕೇಳಿಸಿಕೋ. ಜಲಜಾಕ್ಷಿ, ನೀನೂ ಬಾ."

ಕೆಲಸಗಾರ ಬಂಧುಗಳೇ, ಯಂತ್ರದಲ್ಲಿ ಕಂಡದ್ದು, ಕೇಳಿದ್ದು, ಒರೆಸಿದ್ದು ಎಲ್ಲವನ್ನೂ ಮುಂದಿನ ಪಾಳಿಯವರಿಗೆ ಬಾಯಿಬಿಟ್ಟು ಹೇಳಿ. ಮುಚ್ಚಳ ತೆಗೆದ ಯಂತ್ರ ಓಡಿಸಬೇಡಿ. ಲೋಕಲ್ ತಪ್ಪಿದರೆ ಇನ್ನೊಂದು ಬರುತ್ತದೆ. ಕೈ ಹೋದರೆ ಯಾವ ಪ್ಲಾಟ್‌ಫಾರ್ಮಿಗೂ ಬರುವುದಿಲ್ಲ.