ನಾಲ್ಕು ಇಂಚಿನ ವಾಟ

ಈ ಮನೆಯನ್ನು ನಾವು ಮೂವರು ಮೂರು ಕಾರಣಕ್ಕೆ ಕೊಂಡೆವು. ನನ್ನ ಗಂಡ ಬೆದ್ರೋಸ್‌ಗೆ ಗ್ಯಾರೇಜು ಬೇಕಿತ್ತು. ಅತ್ತೆ ಇಸ್ಕುಹಿಯವರಿಗೆ ಚರ್ಚು ಹತ್ತಿರವಿರಬೇಕಿತ್ತು. ನನಗೆ ಹಿತ್ತಲಿನ ಹಿಪ್ಪುನೇರಳೆ ಮರ ಬೇಕಿತ್ತು. ಒಳಗೆ ಅಡುಗೆಮನೆ ಇದೆಯೋ ಇಲ್ಲವೋ ಎಂದು ಮೂವರಲ್ಲಿ ಒಬ್ಬರೂ ಸರಿಯಾಗಿ ನೋಡಲಿಲ್ಲ. ಇತ್ತು, ಆದರೆ ಇಲ್ಲದಿದ್ದರೇ ವಾಸಿ ಅನ್ನುವ ಹಾಗಿತ್ತು. ನಲ್ಲಿ ತಿರುಗಿಸಿದರೆ ಗೋಡೆಯೊಳಗೆ ಯಾರೋ ಗೊರಕೆ ಹೊಡೆದಂತೆ ಸದ್ದು ಬರುತ್ತಿತ್ತು, ನೀರು ತನಗೆ ಮನಸ್ಸಾದಾಗ ಬರುತ್ತಿತ್ತು.

ಈ ಫ್ರೆಸ್ನೋ ಊರಿನಲ್ಲಿ ಮೂವತ್ತು ವರ್ಷ ಮಹಡಿ ಮೇಲಿನ ಬಾಡಿಗೆ ಮನೆಗಳಲ್ಲೇ ಕಳೆದವಳು ನಾನು. ಮೇ ತಿಂಗಳು ಬಂತೆಂದರೆ ನಮ್ಮ ಅರ್ಮೇನಿಯನ್ನರ ಹಿತ್ತಲುಗಳಲ್ಲೆಲ್ಲ ಹಿಪ್ಪುನೇರಳೆ ಉದುರಿಸುವ ಗಲಾಟೆ. ಒಬ್ಬರು ಮರ ಹತ್ತಿ ಕೊಂಬೆ ಅಲುಗಿಸಬೇಕು, ಕೆಳಗೆ ನಾಲ್ವರು ಬಿಳಿ ದುಪ್ಪಟಿಯ ನಾಲ್ಕು ಮೂಲೆ ಹಿಡಿದು ನಿಲ್ಲಬೇಕು. ಪ್ರತಿ ವರ್ಷವೂ ನಾನು ಯಾರದೋ ದುಪ್ಪಟಿಯ ಮೂಲೆ ಹಿಡಿದವಳೇ. ಕೂಲಿಯಂತೆ ಒಂದು ಬೋಗುಣಿ ಹಣ್ಣು ಕೊಟ್ಟು ಕಳಿಸುತ್ತಿದ್ದರು. ನಗುನಗುತ್ತ ಇಸಿದುಕೊಂಡು ದಾರಿಯುದ್ದಕ್ಕೂ ಹೊಟ್ಟೆ ಉರಿಸಿಕೊಳ್ಳುತ್ತ ಬರುತ್ತಿದ್ದೆ. ಈಗ ಐವತ್ತಮೂರನೇ ವಯಸ್ಸಿಗೆ ನನ್ನದೇ ಮರ, ನನ್ನದೇ ದುಪ್ಪಟಿ. ಹಿತ್ತಲಲ್ಲಿ ಎರಡು ಏಪ್ರಿಕಾಟ್, ಒಂದು ಅಂಜೂರ, ಬೇಲಿಗೆ ಒರಗಿದ ದಾಳಿಂಬೆಯೂ ಇದ್ದವು. ಇದ್ದರೆ ಇರಲಿ. ಅವನ್ನೆಲ್ಲ ಯಾರು ಬೇಕಾದರೂ ತಿನ್ನಲಿ.

ಬೆದ್ರೋಸ್ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಅಷ್ಟು ಸಣ್ಣ ಯಂತ್ರ ಬಿಚ್ಚಿ ಜೋಡಿಸಿದವನಿಗೆ ಇಷ್ಟು ದೊಡ್ಡ ಅಡುಗೆಮನೆ ಯಾವ ಲೆಕ್ಕ ಎಂದು ತಾನೇ ಕೆಲಸಕ್ಕೆ ಇಳಿದ. ತಿಳಿದವರು ಮೊದಲು ಪೈಪು ಹಾಕಿ ಆಮೇಲೆ ನೆಲ ಮಾಡುತ್ತಾರೆ. ಇವನು ಮೊದಲು ನೆಲ ಮಾಡಿದ. ಬೆರಳಗಲದ ನೀಲಿ ಬಿಳಿ ಟೈಲ್ಸ್, ನಡುವೆ ಒಂದು ಕೆಂಪು ದಾಳಿಂಬೆಯ ಚಿತ್ತಾರ. ನಲವತ್ತು ದಿನ ಮಂಡಿಯೂರಿ, ಕಣ್ಣಿಗೆ ಗಡಿಯಾರದವರ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಕೂರಿಸಿದ. ಮುಗಿದ ದಿನ ಬಾಗಿಲಲ್ಲಿ ನಿಂತು, ಹಡೆದವರು ತೊಟ್ಟಿಲು ನೋಡುವ ಹಾಗೆ ನೋಡಿದ. ಹೆತ್ತ ತಾಯಿಯೇ ಚಪ್ಪಲಿ ಕಳಚದೆ ಒಳಗೆ ಕಾಲಿಡುವಂತಿರಲಿಲ್ಲ.

ಆಮೇಲೆ ಹೊರಗಿನ ಪೈಪು. ಹಿತ್ತಲಲ್ಲಿ ಕಾಲುವೆ ತೋಡಿದ. ಅಡುಗೆಮನೆಯಿಂದ ಹಿಂದಿನ ಓಣಿಯ ಮೋರಿಗೆ ನೇರ ದಾರಿಯಲ್ಲಿ ಸರಿಯಾಗಿ ನನ್ನ ಮರ ನಿಂತಿತ್ತು. ಬೆದ್ರೋಸ್ ಗೊಣಗುತ್ತಲೇ ಮರವನ್ನು ಬಿಟ್ಟು ಸುತ್ತು ಬಳಸಿ ತೋಡಿದ. ಆ ಹೊತ್ತಿಗೆ ಅವನ ಮೇಲೆ ನನಗೆ ಬಹಳ ಪ್ರೀತಿ ಬಂತು, ಎರಡು ದಿನ ಇತ್ತು.

ಮೂರನೇ ದಿನ ಪರೀಕ್ಷೆ ಮಾಡಲು ನಗರಸಭೆಯ ಪೈಪಿನ ಇನ್ಸ್‌ಪೆಕ್ಟರ್ ಬಂದ. ಹೋಲ್ಮ್ ಎಂದು ಹೆಸರು. ಏಣಿಯಷ್ಟು ಎತ್ತರ, ಮುಖದಲ್ಲಿ ನಗುವಿನ ಸುಳಿವಿಲ್ಲ. ಅತ್ತೆ ಬೆಳಗಿನಿಂದ ಒಲೆಯ ಮುಂದಿದ್ದವರು ಏಪ್ರಿಕಾಟ್ ಮರದಡಿ ಮೇಜು ತುಂಬಿಸಿದ್ದರು. ದ್ರಾಕ್ಷಿ ಎಲೆಯ ದೋಲ್ಮಾ, ಚೀಸ್ ತುಂಬಿದ ಬೊರೆಕ್, ಲವಾಶ್ ರೊಟ್ಟಿ, ಹೆಸರು ಹೇಳುತ್ತ ಹೋದರೆ ನನಗೇ ಹಸಿವಾಗುತ್ತದೆ.

"ಬಾ ಮಗನೇ, ಮೊದ್ಲು ಒಂದ್ ತುತ್ತು ತಿನ್ನು, ಕೆಲ್ಸ ಎಲ್ಲಿಗೂ ಓಡ್ಹೋಗಲ್ಲ," ಎಂದರು ಅತ್ತೆ.

"ಇಲ್ಲಮ್ಮ, ತಗೊಳ್ಳೋ ಹಾಗಿಲ್ಲ. ನಮ್ಮ ನಿಯಮ."

ನಮ್ಮಲ್ಲಿ ಬೇಡ ಎಂದರೆ ಇನ್ನೊಂದು ಸಲ ಕೇಳಿ ಎಂದರ್ಥ. ಮೂರನೇ ಸಲಕ್ಕೆ ಎಂಥ ಬಿಗುಮಾನದವನೂ ತಟ್ಟೆ ಹಿಡಿಯುತ್ತಾನೆ. ಈ ಮನುಷ್ಯ ಏಳನೇ ಸಲಕ್ಕೂ ಬೇಡ ಎಂದ, ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಕಾಲುವೆಗೆ ಇಳಿದು ಪೈಪಿನ ಮೇಲೆ ರಸಮಟ್ಟ ಇಟ್ಟು ನೋಡಿದ.

"ವಾಟ ಸಾಲದು. ಅಡಿಗೊಂದು ಕಾಲಿಂಚು ಇಳೀಬೇಕು. ಮರ ಸುತ್ತಕ್ಕೆ ಹೋಗಿ ಹದಿನಾರಡಿ ಜಾಸ್ತಿ ಆಗಿದೆ, ನಾಲ್ಕಿಂಚು ಕೊರತೆ. ನೇರ ಹಾಕಿ, ಸರಿಹೋಗತ್ತೆ."

"ನೇರ ಹಾಕಿದ್ರೆ ಮರ?" ಎಂದೆ.

ಅವನು ಮರವನ್ನು ನೋಡಿದ. "ಮರಕ್ಕೆ ನನ್ನ ಹತ್ರ ನಿಯಮ ಇಲ್ಲ," ಎಂದು ಗುಲಾಬಿ ಚೀಟಿಯಲ್ಲಿ 'ನಪಾಸು' ಎಂದು ಬರೆದು, ವಾರ ಬಿಟ್ಟು ಬರುತ್ತೇನೆಂದು ಹೋದ.

ಅತ್ತೆಯವರ ತೀರ್ಪೇ ಬೇರೆ. "ವಾಟನೂ ಇಲ್ಲ ಗೀಟನೂ ಇಲ್ಲ. ದೋಲ್ಮಾ ತಣ್ಣಗಾಗಿತ್ತು, ಅವ್ನಿಗೆ ಅವಮಾನ ಆಯ್ತು. ಮುಂದಿನ್ ಸಲ ಕುರಿಮರಿ ಮಾಡೋಣ."

"ಅಮ್ಮಾ, ಅವ್ನು ತಿನ್ನಲ್ಲ!" ಎಂದ ಬೆದ್ರೋಸ್.

"ತಿನ್ದೇ ಇರೋ ಮನುಷ್ಯ ಉಂಟೇನೋ? ಬಡಿಸೋರಿಗೆ ಬರ್ಬೇಕು."

ಬೆದ್ರೋಸ್ ಎರಡು ದಿನ ಪೈಪಿನ ಸುತ್ತ ಓಡಾಡಿ, ಮೂರನೇ ದಿನ ನನ್ನ ಮುಖ ನೋಡದೆ, ಮರ ಕಡಿಯುವವನಿಗೆ ಫೋನ್ ಮಾಡಿರುವುದಾಗಿ ಹೇಳಿದ. ಇನ್ಸ್‌ಪೆಕ್ಟರ್ ಶುಕ್ರವಾರ ಬಂದು ಮತ್ತೆ ನಪಾಸು ಮಾಡಿದರೆ ಶನಿವಾರ ಮಧ್ಯಾಹ್ನ ಮರ ಕಡಿಯುವವನು ಬರುತ್ತಾನೆ. ನಾನು ಬೆದ್ರೋಸ್‌ನೊಡನೆ ಮಾತು ಬಿಟ್ಟೆ. ಮರದ ತುಂಬ ಬಿಳಿ ಜಾತಿಯ ಹಣ್ಣು, ಜೇನಿನಂತೆ ಸಿಹಿಯಾಗಿ ಮಾಗಿತ್ತು. ದಿನಕ್ಕೆ ಹತ್ತು ಸಲ ಹೋಗಿ ಅದರ ಕೆಳಗೆ ನಿಲ್ಲುತ್ತಿದ್ದೆ. ಬಿಟ್ಟಿ ಮರವಲ್ಲ ಅದು, ಮೂವತ್ತು ವರ್ಷ ಕಾದಿದ್ದೇನೆ ಎಂದು ಯಾರಿಗೆ ಹೇಳುವುದು?

ಶುಕ್ರವಾರ ಹೋಲ್ಮ್ ಬಂದ. ಕುರಿಮರಿಯ ಘಮಲು ಓಣಿಯವರೆಗೆ ಹಬ್ಬಿತ್ತು. ಅವನು ಅತ್ತ ತಿರುಗಲಿಲ್ಲ. ಬೆದ್ರೋಸ್ ಅಲ್ಲೊಂದು ಇಲ್ಲೊಂದು ಕಲ್ಲು ಕೊಟ್ಟು ಎತ್ತಿದ್ದ ಪೈಪನ್ನು ಅಳೆದು, ಕಾಲುವೆಯಿಂದ ಮೇಲೆ ಬರುವಾಗ ಹಲ್ಲು ಕಚ್ಚಿ ಮೊಣಕಾಲು ಹಿಡಿದುಕೊಂಡ.

ಅತ್ತೆ ತಕ್ಷಣ ಎಂದರು: "ಅಯ್ಯೋ, ನಿನ್ನ ನೋವು ನಾನು ತಗೊಂಡೆ, ಮಗನೇ!"

ನಮ್ಮ ಭಾಷೆಯಲ್ಲಿ ಇದು ದಿನಕ್ಕೆ ಐವತ್ತು ಸಲ ಬಾಯಿಗೆ ಬರುವ ಮಾತು. ಅಂಚೆಯವನಿಗೆ, ತರಕಾರಿಯವಳಿಗೆ, ಎಡವಿದ ಬೆಕ್ಕಿಗೂ ಹೇಳುತ್ತೇವೆ. 'ಕಂದಾ' ಅನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಅತ್ತೆ ತಮಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಅದನ್ನು ಪದಕ್ಕೆ ಪದ ಇಟ್ಟು ಹೇಳಿಬಿಟ್ಟಿದ್ದರು. ಹೋಲ್ಮ್ ನಿಂತಲ್ಲೇ ನಿಂತ. ಅವರ ಮುಖವನ್ನೇ ನೋಡಿದ.

"ಎಡಗಾಲಮ್ಮಾ," ಎಂದ ಮೆಲ್ಲಗೆ. "ಹನ್ನೊಂದು ವರ್ಷ ಆಯ್ತು. ಇಲ್ಲೀವರ್ಗೂ ಯಾರೂ ಕೇಳಿರ್ಲಿಲ್ಲ."

ನಾನೂ ಬೆದ್ರೋಸೂ ನೆಲ ನೋಡಿದೆವು. ನಕ್ಕರೆ ಕೆಟ್ಟೆವು. ಅತ್ತೆ ನಗಲಿಲ್ಲ. ಮಾತು ಕೊಟ್ಟಾಗಿದೆ, ಈಗ ನೋವು ತೆಗೆದುಕೊಳ್ಳಲೇಬೇಕು. ಒಳಗೆ ಹೋಗಿ ಹಿಪ್ಪುನೇರಳೆಯಿಂದ ಭಟ್ಟಿ ಇಳಿಸಿದ ಓಘಿಯ ಶೀಸೆ ತಂದರು. ನಮ್ಮಲ್ಲಿ ಅದು ಮದುವೆಗೂ ಮದ್ದು, ಮಂಡಿಗೂ ಮದ್ದು.

"ನಾನು ಕುಡಿಯೋ ಹಾಗಿಲ್ಲ," ಎಂದ ಅವನು.

"ಕುಡಿಯೋಕ್ ಯಾರ್ ಕೊಟ್ರು? ಪ್ಯಾಂಟು ಮಡಚು."

ಏಣಿಯಷ್ಟು ಎತ್ತರದ ಆ ಮನುಷ್ಯ ಪ್ಯಾಂಟು ಮಡಚಿ ನನ್ನ ಮರದಡಿ ಕುರ್ಚಿಯಲ್ಲಿ ಕೂತ. ಅತ್ತೆ ರೊಟ್ಟಿಯ ಹಿಟ್ಟು ನಾದುವ ಹಾಗೆ ಅವನ ಮೊಣಕಾಲು ನಾದಿದರು. ಅವನು ಕಣ್ಣು ಮುಚ್ಚಿ, "ಏನಿದು ವಾಸ್ನೆ?" ಎಂದ. ಅತ್ತೆ ತಲೆಯ ಮೇಲಿನ ಕೊಂಬೆ ತೋರಿಸಿದರು. ಅವನು ಬಹಳ ಹೊತ್ತು ಮೇಲೆ ನೋಡಿದ. ನನ್ನ ಎದೆಯಲ್ಲಿ ಸಣ್ಣ ಆಸೆ ಹುಟ್ಟಿತು.

ಅವನು ಎದ್ದು, ಎರಡು ಹೆಜ್ಜೆ ನಡೆದು ನೋಡಿ, ತಲೆದೂಗಿ, ಮತ್ತೆ ಗುಲಾಬಿ ಚೀಟಿ ಬರೆದ. ನಪಾಸು.

"ಮೈ ತಿಕ್ಕಿಸ್ಕೊಂಡು ನಪಾಸ್ ಮಾಡ್ತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ನಾನು ನಮ್ಮ ಭಾಷೆಯಲ್ಲಿ ಬೈದೆ. ಬೈಗುಳಕ್ಕೆ ಅನುವಾದ ಬೇಕಾಗುವುದಿಲ್ಲ.

"ಅದಕ್ಕೋಸ್ಕರ ಪಾಸ್ ಮಾಡಿದ್ರೆ ಅದು ಲಂಚ ಆಗತ್ತೆ ಮೇಡಂ," ಎಂದ ಅವನು, ಕೆಂಪಾಗಿ. ಆಮೇಲೆ ಪೆನ್ನು ಜೇಬಿಗೆ ಹಾಕುತ್ತ ನಿಂತ. "ಇದು ನಾನು ಹೇಳ್ಬೇಕಾದ್ ಮಾತಲ್ಲ. ಪೈಪಿಗೆ ಎರಡು ತುದಿ ಇರತ್ತೆ. ನೀವು ಕೆಳಗಿನ್ ತುದೀನೇ ನೋಡ್ತಿದೀರ. ಮೇಲಿನ್ ತುದಿ ನಾಲ್ಕಿಂಚು ಎತ್ತಿದ್ರೆ ಸುತ್ತು ಬಳಸಿದ್ರೂ ವಾಟ ಬರತ್ತೆ." ಮೇಲಿನ ತುದಿ ಅಡುಗೆಮನೆಯ ನೆಲದಡಿಯಲ್ಲಿತ್ತು. ಅವನು ಬಾಗಿಲಿನಿಂದ ಒಳಗೆ ಇಣುಕಿ ನೋಡಿದ. "ಎಷ್ಟ್ ಚೆನ್ನಾಗಿದೆ ನೆಲ," ಎಂದಷ್ಟೇ ಹೇಳಿ ಹೋದ.

ಪೈಪಿನ ಆ ತುದಿ ಎತ್ತಬೇಕೆಂದರೆ ಮೊದಲು ನೆಲ ಒಡೆಯಬೇಕು. ಬೆದ್ರೋಸ್ ಬಾಗಿಲಿಗೆ ಅಡ್ಡ ನಿಂತ, ಯಾರೋ ಆಗಲೇ ಸುತ್ತಿಗೆ ಎತ್ತಿದ್ದಾರೆ ಅನ್ನುವ ಹಾಗೆ. "ಆಗಲ್ಲ, ಅರ್ಪಿ," ಎಂದ. "ಕೇಳ್ಬೇಡ."

ಕೇಳಬೇಕೆಂದು ಬಾಯಿ ತೆರೆದಿದ್ದೆ. ಅವನ ಮಂಡಿ ಕಂಡಿತು. ನಲವತ್ತು ದಿನದಲ್ಲಿ ಜಡ್ಡುಗಟ್ಟಿ, ಪ್ಯಾಂಟಿನ ಬಟ್ಟೆಯೂ ಸವೆದು ತೂತಾಗಿತ್ತು. ನಲವತ್ತು ವರ್ಷ ಬೇರೆಯವರ ಗಡಿಯಾರಕ್ಕೆ ಕಣ್ಣು ಕೊಟ್ಟವನು ಅವನು. ಈ ನೆಲವೊಂದನ್ನೇ ತನಗಾಗಿ ಮಾಡಿಕೊಂಡಿದ್ದ. ನನಗೆ ಮರ ಹೇಗೋ ಅವನಿಗೆ ಅದು ಹಾಗೆ. ಇದು ಅರ್ಥವಾಗಿದ್ದೇ ತಪ್ಪಾಯಿತು, ಆಮೇಲೆ ಜಗಳ ಆಡಲು ಬರಲಿಲ್ಲ.

"ಕಡಿಸು," ಎಂದೆ. "ನಾಳೆ ಬೆಳಿಗ್ಗೆ ಒಂದ್ಸಲ ಹಣ್ಣು ಉದುರ್ಸಿ ಕೊಡು. ಆಮೇಲೆ ಕಡಿಸು."

ಶನಿವಾರ ಬೆಳಿಗ್ಗೆ ಬೆದ್ರೋಸ್ ಮರ ಹತ್ತಿದ. ದುಪ್ಪಟಿ ಹಿಡಿಯಲು ಅತ್ತೆ, ನಾನು ಇಬ್ಬರೇ. ಉಳಿದ ಎರಡು ಮೂಲೆ ಬೇಲಿಗೆ ಕಟ್ಟಿದೆವು. ಅವನು ಕೊಂಬೆ ಅಲುಗಿಸಿದ. ತಲೆ, ಹೆಗಲು, ಕೊರಳೊಳಗೆ, ಎಲ್ಲೆಂದರಲ್ಲಿ ಹಣ್ಣು. ಅತ್ತೆಯ ಬಾಯಿಗೇ ಒಂದು ಬಿತ್ತು, ಅವರು ಬಯ್ಯಲು ಬಾಯಿ ತೆರೆದಿದ್ದರು. ನಾನು ನಕ್ಕೆ, ನಗುತ್ತ ನಗುತ್ತ ಅತ್ತುಬಿಟ್ಟೆ. ದುಪ್ಪಟಿ ಬಿಡುವ ಹಾಗಿಲ್ಲ, ಕಣ್ಣೊರೆಸಿಕೊಳ್ಳಲು ಕೈಯಿರಲಿಲ್ಲ. ಬೆದ್ರೋಸ್ ಮೇಲಿನಿಂದ ಎಲ್ಲ ನೋಡುತ್ತಿದ್ದ. ಹಣ್ಣು ಮುಗಿದ ಮೇಲೂ ಬಹಳ ಹೊತ್ತು ಇಳಿಯಲಿಲ್ಲ.

"ಇಳಿಯೋ, ಮಂಗ!" ಎಂದರು ಅತ್ತೆ.

ಮಧ್ಯಾಹ್ನ ನಾನು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿ ರೇಡಿಯೋ ಜೋರು ಮಾಡಿದೆ. ಆದರೂ ಕೇಳಿಸಿತು. ಧಡ್. ಧಡ್. ತಡೆಯಲಾರದೆ ಹಿತ್ತಲಿಗೆ ಓಡಿದೆ.

ಮರ ನಿಂತೇ ಇತ್ತು. ಅದರ ನೆರಳಲ್ಲಿ ಮರ ಕಡಿಯುವವನು ಕೂತು ಕುರಿಮರಿ ತಿನ್ನುತ್ತಿದ್ದ. ಪಕ್ಕದಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದರು. "ನೋಡು, ಇವ್ನು ಮನುಷ್ಯ. ಒಂದೇ ಸಲಕ್ಕೆ ಕೂತ," ಎಂದರು.

ಮತ್ತೆ ಧಡ್ ಎಂದಿತು. ಸದ್ದು ಅಡುಗೆಮನೆಯಿಂದ ಬರುತ್ತಿತ್ತು.

ಬೆದ್ರೋಸ್ ನೆಲದ ಮೇಲೆ ಕೂತಿದ್ದ, ಚಪ್ಪಲಿ ಹಾಕಿಕೊಂಡೇ. ಕೈಯಲ್ಲಿ ಸುತ್ತಿಗೆ. ದಾಳಿಂಬೆಯ ಚಿತ್ತಾರ ಅರ್ಧ ಹೋಗಿತ್ತು. ತಲೆಯೆತ್ತದೆ ಸಿಡುಕಿನಿಂದ ಎಂದ:

"ಮರದ್ ಮೇಲಿಂದ ಕಿಟಕೀಲಿ ನೋಡ್ದೆ. ಒಲೆ ಹತ್ರದ ಸಾಲು ಸೊಟ್ಟಗಿದೆ. ಇಂಥಾ ನೆಲ ಇಟ್ಕೊಂಡು ಹೆಂಗಿರೋದು? ಎಲ್ಲಾ ಮೊದಲಿಂದ ಮಾಡ್ಬೇಕು."

ನಾನು ಬಗ್ಗಿ ಒಲೆಯ ಹತ್ತಿರದ ಸಾಲು ನೋಡಿದೆ. ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಹೌದು," ಎಂದೆ. "ಬಹಳ ಸೊಟ್ಟ. ನಾನು ಮೊದಲ ದಿನವೇ ನೋಡಿದ್ದೆ, ನಿನಗೆ ಬೇಜಾರಾದೀತು ಅಂತ ಹೇಳಿರ್ಲಿಲ್ಲ."

ಮೂಲೆಯಲ್ಲಿದ್ದ ಇನ್ನೊಂದು ಸುತ್ತಿಗೆ ಎತ್ತಿಕೊಂಡು ಅವನ ಪಕ್ಕ ಕೂತೆ.